ನೀರು ತೋರಿಸುವ ದಾರಿ

ಒಬ್ಬರು ಗುಬ್ಬಿ ತಾಲ್ಲೂಕಿನ ಪ್ರೌಢಶಾಲೆಗಳಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದ ಮೇಷ್ಟ್ರು. ಇನ್ನೊಬ್ಬಳು ಕುಣಿಗಲ್ ಕಡೆಯವಳು, ಗುಬ್ಬಿಯ ಸೋದರಮಾವನ ಮನೆಯಲ್ಲಿದ್ದುಕೊಂಡು ಅವರ ಬಳಿ ಓದಿದ ಶಿಷ್ಯೆ. ಈಗ ಬೆಂಗಳೂರಿನಲ್ಲಿ ಮಿದುಳಿನ ಡಿಫ್ಯೂಷನ್ ಎಂಆರ್‌ಐ ಚಿತ್ರಗಳ ಮೇಲೆ ಸಂಶೋಧನೆ ಮಾಡುತ್ತಿದ್ದಾಳೆ. ಹಬ್ಬಕ್ಕೆ ಬಂದವಳು ತುಮಕೂರಿನಲ್ಲಿ ಮಗನ ಮನೆಯಲ್ಲಿರುವ ಮೇಷ್ಟ್ರನ್ನು ನೋಡಲು ಹೋದಾಗ, ಅಮಾನಿಕೆರೆ ಏರಿಯ ಮೇಲೆ ನಡೆಯುತ್ತಾ, ಅವಳು ತೋರಿಸಿದ ಅಂಥದೊಂದು ಚಿತ್ರದ ಸುತ್ತ ಆಡಿದ ಮಾತು ಇದು. ಯಾರ ಪಕ್ಷ ಹಿಡಿಯುವುದೆಂಬುದು ಬರೆಯುತ್ತಾ ಹೋದಂತೆ ನನಗೇ ಕಷ್ಟವಾಯಿತು.

ಮೇಷ್ಟ್ರು: ಈ ಚಿತ್ರದಲ್ಲಿ ಬರೀ ಕೆಂಪು, ಹಸಿರು, ನೀಲಿ ಗೆರೆಗಳೇ ತುಂಬಿವೆಯಲ್ಲಮ್ಮ. ಇವೆಲ್ಲ ನರಗಳಾ? ಅಷ್ಟು ಸಣ್ಣ ತಂತುಗಳನ್ನು ನಿಮ್ಮ ಎಂಆರ್‌ಐ ಹಿಡಿಯುತ್ತಾ?

ಶಿಷ್ಯೆ: ಬಣ್ಣ ಬರೀ ದಿಕ್ಕಿನ ಗುರುತು ಸಾರ್. ಎಡಬಲಕ್ಕೆ ಸಾಗಿದ್ದರೆ ಕೆಂಪು, ಹಿಂದೆಮುಂದೆ ಹಸಿರು, ಮೇಲೆಕೆಳಗೆ ನೀಲಿ. ಗೆರೆಗಳು ನರಗಳಲ್ಲ. ಮಿದುಳಿನ ಒಳಗಿನ ನೀರು ಯಾವ ಕಡೆಗೆ ಹೆಚ್ಚು ಅಲುಗಾಡುತ್ತೆ ಅಂತ ಅಳೆದು, ತಂತುಗಳು ಹೀಗೆ ಹೋಗಿರಬೇಕು ಅಂತ ಕಂಪ್ಯೂಟರ್ ಎಳೆದ ಗೆರೆಗಳು.

ಮೇಷ್ಟ್ರು: ಹಾಗಾದರೆ ನೋಡಿದ್ದಲ್ಲ, ಊಹಿಸಿದ್ದು.

ಶಿಷ್ಯೆ: ಲೆಕ್ಕ ಹಾಕಿ ಊಹಿಸಿದ್ದು. ದೀಪದ ಬತ್ತಿಗಳನ್ನು ಒತ್ತಾಗಿ ಕಟ್ಟಿಟ್ಟು ಅದರ ಮೇಲೊಂದು ತೊಟ್ಟು ಎಣ್ಣೆ ಬಿಟ್ಟರೆ ಬತ್ತಿಯ ಉದ್ದಕ್ಕೆ ಬೇಗ ಹರಡುತ್ತೆ, ಅಡ್ಡಕ್ಕೆ ನಿಧಾನ...

ಮೇಷ್ಟ್ರು: ನಿಲ್ಲಿಸು. ಬತ್ತಿಯಲ್ಲಿ ಎಣ್ಣೆ ಹತ್ತೋದು ಲೋಮನಾಳ ಕ್ರಿಯೆ. ಅದನ್ನೂ ವಿಸರಣವನ್ನೂ, ಅಂದರೆ ನಿಮ್ಮ ಡಿಫ್ಯೂಷನ್ನನ್ನೂ, ಒಂದೇ ಪಾಠಕ್ಕೆ ಸೇರಿಸಬೇಡ ಅಂತ ಎಷ್ಟು ಸಲ ಹೇಳಿದ್ದೀನಿ?

ಶಿಷ್ಯೆ: ಸರಿ, ಬತ್ತಿ ಬೇಡ. ನೀವೇ ಹೇಳಿಕೊಟ್ಟ ಪರಾಗದ ಕಥೆಯಿಂದ ಶುರುಮಾಡ್ತೀನಿ. 1827ರಲ್ಲಿ ರಾಬರ್ಟ್ ಬ್ರೌನ್ ಸೂಕ್ಷ್ಮದರ್ಶಕದಲ್ಲಿ ಕಂಡದ್ದು, ಪರಾಗದಿಂದ ಹೊರಬಿದ್ದ ಕಣಗಳು ನೀರಿನಲ್ಲಿ ಸುಮ್ಮನಿರದೆ ಕುಣಿಯೋದನ್ನು. 1905ರಲ್ಲಿ ಐನ್‌ಸ್ಟೈನ್ ಅದಕ್ಕೆ ಕಾರಣ ಕೊಟ್ಟರು: ಶಾಖಕ್ಕೆ ಅಣುಗಳು ಸದಾ ಅಲುಗುತ್ತಿರುತ್ತವೆ. ಮಿದುಳಿನ ನೀರೂ ಹಾಗೇ. ಅದನ್ನು ಯಾರೂ ತಳ್ಳಬೇಕಿಲ್ಲ. ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಲ್ಲಿ ಒಂದು ಅಣು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಜರುಗಿರುತ್ತೆ. ಆ ಅಲೆದಾಟದಲ್ಲಿ ಅದು ನರತಂತುವಿನ ಗೋಡೆಗೆ, ಅದರ ಸುತ್ತಲಿನ ಕೊಬ್ಬಿನ ಪೊರೆಗೆ ಡಿಕ್ಕಿ ಹೊಡೆಯುತ್ತೆ. ಅಡ್ಡಕ್ಕೆ ಹೋಗಲು ತಡೆ, ಉದ್ದಕ್ಕೆ ಹೋಗಲು ಹಾದಿ ಸಲೀಸು. ಆ ವ್ಯತ್ಯಾಸವೇ ನಮ್ಮ ಬಂಡವಾಳ.

ಮೇಷ್ಟ್ರು: ಕಣ್ಣಿಗೆ ಕಾಣದ ಆ ಜರುಗಾಟವನ್ನು ಯಂತ್ರ ಹೇಗೆ ಅಳೆಯುತ್ತೆ?

ಶಿಷ್ಯೆ: ಎಂಆರ್‌ಐಗೆ ಸಿಗೋದು ನೀರಿನಲ್ಲಿರುವ ಹೈಡ್ರೋಜನ್ ನ್ಯೂಕ್ಲಿಯಸ್ಸಿನ ಸಂಕೇತ. ಕ್ಷಣಕಾಲ ಕಾಂತಕ್ಷೇತ್ರವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಏರುವ ಹಾಗೆ ಮಾಡ್ತಾರೆ. ಯಾವ ಅಣು ಎಲ್ಲಿದೆಯೋ ಅದಕ್ಕೆ ತಕ್ಕಂತೆ ಅದರ ಗಿರಕಿ ಮುಂದೋ ಹಿಂದೋ ಆಗುತ್ತೆ. ಸ್ವಲ್ಪ ಬಿಟ್ಟು, ಅದನ್ನು ಅಳಿಸುವ ಹಾಗೆ ಮತ್ತೊಂದು ಸಲ. ಅಣು ಇದ್ದಲ್ಲೇ ಇದ್ದರೆ ಲೆಕ್ಕ ಚುಕ್ತಾ ಆಗುತ್ತೆ. ನಡುವೆ ಜರುಗಿದ್ದರೆ ಚುಕ್ತಾ ಆಗಲ್ಲ, ಸಂಕೇತ ಕುಂದುತ್ತೆ. ಹೆಚ್ಚು ಕುಂದಿದರೆ ಹೆಚ್ಚು ಜರುಗಿದೆ ಅಂತ ಅರ್ಥ. 1965ರಲ್ಲಿ ಸ್ಟೆಸ್ಕಲ್ ಮತ್ತು ಟ್ಯಾನರ್ ಕಂಡುಕೊಂಡ ಉಪಾಯ ಇದು. ಹತ್ತಾರು ದಿಕ್ಕಿನಲ್ಲಿ ಹೀಗೆ ಅಳೆದು, ಪ್ರತಿ ಜಾಗದಲ್ಲೂ ನೀರಿಗೆ ಯಾವ ದಿಕ್ಕು ಸುಲಭ ಅಂತ ಬರೆಯುವ ಗಣಿತವನ್ನು 1994ರಲ್ಲಿ ಅಮೆರಿಕದಲ್ಲಿ ಪೀಟರ್ ಬ್ಯಾಸರ್ ಮತ್ತು ಸಂಗಡಿಗರು ಕೊಟ್ಟರು.

ಮೇಷ್ಟ್ರು: ಎಲ್ಲ ಹೊರದೇಶದವರದ್ದೇ.

ಶಿಷ್ಯೆ: ಎಲ್ಲವೂ ಅಲ್ಲ. ಚಲಿಸುವ ದ್ರವದಿಂದ ಈ ನ್ಯೂಕ್ಲಿಯಸ್ ಸಂಕೇತ ಹೇಗೆ ಬದಲಾಗುತ್ತೆ ಅಂತ 1951ರಲ್ಲೇ ಅಳೆದು ಪ್ರಕಟಿಸಿದವರು ಜಿ. ಸೂರ್ಯನ್. ಎಲ್ಲಿ ಗೊತ್ತಾ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಇಲ್ಲಿಂದ ಎಪ್ಪತ್ತು ಕಿಲೋಮೀಟರ್ ದೂರದಲ್ಲಿ, ಎಂಆರ್‌ಐ ಅನ್ನೋ ಯಂತ್ರವೇ ಹುಟ್ಟುವ ಎರಡು ದಶಕ ಮೊದಲು.

ಸೂರ್ಯನ್ ಹೆಸರನ್ನು ನಮ್ಮ ಶಾಲೆಯ ಪಾಠಗಳಲ್ಲಿ ನಾನೆಲ್ಲೂ ಓದಿದ ನೆನಪಿಲ್ಲ. ಓದಿರಬೇಕಿತ್ತು. ಮೇಷ್ಟ್ರಿಗೂ ಅದು ಹೊಸದು. ಆ ಹೆಸರನ್ನು ಎರಡು ಸಲ ಹೇಳಿಸಿಕೊಂಡು ಮುಂದುವರಿದರು.

ಮೇಷ್ಟ್ರು: ನೀರು ಅಳೆಯೋದನ್ನು ಒಪ್ಪಿದೆ. ಆದರೆ ನಿಮ್ಮ ಚಿತ್ರದ ಒಂದೊಂದು ಚುಕ್ಕಿ ಎಷ್ಟು ದೊಡ್ಡದು?

ಶಿಷ್ಯೆ: ಸಾಮಾನ್ಯವಾಗಿ ಎರಡು ಮಿಲಿಮೀಟರ್ ಅಗಲ, ಅಷ್ಟೇ ಉದ್ದ, ಅಷ್ಟೇ ಎತ್ತರದ ಪುಟ್ಟ ಘನ.

ಮೇಷ್ಟ್ರು: ತಂತುವಿನ ದಪ್ಪ?

ಶಿಷ್ಯೆ: ಸುಮಾರು ಮಿಲಿಮೀಟರಿನ ಸಾವಿರನೇ ಒಂದು ಭಾಗ. ಒಂದು ಘನದಲ್ಲಿ ಲಕ್ಷಗಟ್ಟಲೆ ಇರುತ್ತವೆ.

ಮೇಷ್ಟ್ರು: ಲಕ್ಷಗಟ್ಟಲೆ ತಂತುಗಳಿಗೆ ಒಂದೇ ಒಂದು ಬಾಣದ ಗುರುತು! ಅವೆಲ್ಲ ಒಂದೇ ದಿಕ್ಕಿಗೆ ಹೋಗುತ್ತವೆ ಅಂತ ಯಾರು ಹೇಳಿದರು?

ಶಿಷ್ಯೆ: ಹೋಗಲ್ಲ. ಮಿದುಳಿನ ಶ್ವೇತದ್ರವ್ಯದ, ಅಂದರೆ ತಂತುಗಳೇ ತುಂಬಿದ ಭಾಗದ, ಅರ್ಧಕ್ಕಿಂತ ಹೆಚ್ಚು ಘನಗಳಲ್ಲಿ ತಂತುಗಳ ಕಟ್ಟುಗಳು ಒಂದನ್ನೊಂದು ಹಾಯ್ದು ಹೋಗುತ್ತವೆ. 1994ರ ಸರಳ ಲೆಕ್ಕ ಅಲ್ಲಿ ಸೋಲುತ್ತೆ. ಹೆಚ್ಚು ದಿಕ್ಕುಗಳಲ್ಲಿ, ಕಾಂತಕ್ಷೇತ್ರದ ಇನ್ನೂ ಕಡಿದಾದ ಏರಿಕೆಯಲ್ಲಿ ಅಳೆದು, ಒಂದೇ ಘನದಲ್ಲಿ ಎರಡು ಮೂರು ದಿಕ್ಕು ಬಿಡಿಸುವ ಲೆಕ್ಕಗಳು ಆಮೇಲೆ ಬಂದವು. ಆದರೂ ಎರಡು ಕಟ್ಟುಗಳು ಅಡ್ಡಹಾಯ್ದು ಹೋದವೋ, ಹತ್ತಿರ ಬಂದು ಮೈ ತಾಗಿಸಿ ಬೇರೆಬೇರೆ ಕಡೆ ತಿರುಗಿದವೋ ಅನ್ನೋದನ್ನು ನೀರಿನಿಂದ ಮಾತ್ರವೇ ಹೇಳೋದು ಕಷ್ಟ. ಸಂದೇಶ ಈ ತುದಿಯಿಂದ ಆ ತುದಿಗೋ, ಆ ತುದಿಯಿಂದ ಈ ತುದಿಗೋ ಅನ್ನೋದಂತೂ ಗೊತ್ತೇ ಆಗಲ್ಲ. ನೀರು ಎರಡೂ ಕಡೆಗೆ ಒಂದೇ ಸಮ ಅಲುಗುತ್ತೆ.

ಮೇಷ್ಟ್ರು: ಇಷ್ಟೆಲ್ಲ ನೀನೇ ಹೇಳ್ತೀಯ. ಆಮೇಲೆ ಇದನ್ನು ಮಿದುಳಿನ ಸಂಪರ್ಕದ ನಕ್ಷೆ ಅಂತೀಯ.

ಶಿಷ್ಯೆ: ಹೇಳದೇ ಮುಚ್ಚಿಟ್ಟರೆ ನಿಮ್ಮ ಶಿಷ್ಯೆ ಆಗಲ್ಲ ಸಾರ್. ಇನ್ನೂ ಕೇಳಿ. ಸರಿಯುತ್ತರ ಮೊದಲೇ ಗೊತ್ತಿದ್ದ, ಕಂಪ್ಯೂಟರಿನಲ್ಲಿ ತಯಾರಿಸಿದ ಒಂದು ಮಿದುಳಿನ ದತ್ತಾಂಶವನ್ನು ಬೇರೆಬೇರೆ ದೇಶಗಳ 20 ತಂಡಗಳಿಗೆ ಕೊಟ್ಟು ಪರೀಕ್ಷೆ ಇಟ್ಟರು. ಫಲಿತಾಂಶ 2017ರಲ್ಲಿ ಬಂತು. ಅವರು ಕಳಿಸಿದ 96 ನಕ್ಷೆಗಳಲ್ಲಿ ಬಹುಪಾಲು, ಇರುವ ಕಟ್ಟುಗಳಲ್ಲಿ ಶೇಕಡ 90ರಷ್ಟನ್ನು ಅಷ್ಟೋ ಇಷ್ಟೋ ಗುರುತಿಸಿದ್ದವು. ಆದರೆ ಇಲ್ಲದ ಕಟ್ಟುಗಳನ್ನು ಇರುವುದಕ್ಕಿಂತ ಎಷ್ಟೋ ಹೆಚ್ಚು ಎಳೆದಿದ್ದವು. ಇಲ್ಲದವುಗಳಲ್ಲಿ ಅರ್ಧದಷ್ಟು ಹಲವು ತಂಡಗಳಲ್ಲಿ ಒಂದೇ ಥರ ಬಂದಿದ್ದವು.

ಮೇಷ್ಟ್ರು: ಅದು ಭಯದ ವಿಷಯ. ಒಬ್ಬ ಹುಡುಗ ತಪ್ಪು ಮಾಡಿದರೆ ತಿದ್ದಬಹುದು. ಇಡೀ ಕ್ಲಾಸು ಒಂದೇ ತಪ್ಪು ಬರೆದರೆ, ಅದೇ ಸರಿ ಅಂತ ಮೇಷ್ಟ್ರಿಗೇ ಅನುಮಾನ ಬರುತ್ತೆ.

ಶಿಷ್ಯೆ: ಅದಕ್ಕೇ ಗೆರೆ ಎಳೆಯೋದಕ್ಕಿಂತ ಗೆರೆ ಅಳಿಸೋ ಕೆಲಸಕ್ಕೆ ಈಗ ಬೆಲೆ. ವಿಜ್ಞಾನ ಸಂಸ್ಥೆಯ ಶ್ರೀಧರನ್ ದೇವರಾಜನ್ ಅವರ ತಂಡ 2022ರಲ್ಲಿ ರಿಯಲ್-ಲೈಫ್ ಅನ್ನೋ ಕ್ರಮವಿಧಿ ಪ್ರಕಟಿಸಿತು. ಮೊದಲು ಸಾಧ್ಯವಿರುವ ಗೆರೆಗಳನ್ನೆಲ್ಲ ರಾಶಿ ಹಾಕೋದು. ಆಮೇಲೆ, ಅಳೆದ ಸಂಕೇತವನ್ನು ವಿವರಿಸಲು ಈ ಗೆರೆ ನಿಜವಾಗಿ ಬೇಕಾ ಅಂತ ಒಂದೊಂದನ್ನೂ ಕೇಳೋದು. ಬೇಡದ್ದು ಹೊರಗೆ. ಈ ವಿಚಾರ ಮೊದಲೇ ಇತ್ತು; ಆದರೆ ಒಂದು ಮಿದುಳಿಗೆ ಗಂಟೆ, ದಿನಗಟ್ಟಲೆ ಹಿಡಿಯುತ್ತಿತ್ತು. ವಿಡಿಯೊ ಗೇಮಿಗೆ ಬಳಸುವ ಜಿಪಿಯು ಚಿಪ್‌ಗಳ ಮೇಲೆ ಲೆಕ್ಕ ಓಡಿಸಿ ಅದನ್ನು 150 ಪಟ್ಟಿನವರೆಗೂ ಚುರುಕುಗೊಳಿಸಿದ್ದಾರೆ.

ಮೇಷ್ಟ್ರು: ಬೇಡದ ಗೆರೆ ಹೋಯಿತು. ಉಳಿದ ಗೆರೆ ನಿಜ ಅಂತ ಆಯಿತಾ?

ಶಿಷ್ಯೆ: ಆಗಲಿಲ್ಲ. ಉಳಿದದ್ದು ದತ್ತಾಂಶಕ್ಕೆ ಹೊಂದುತ್ತೆ ಅಂತ ಮಾತ್ರ ಆಯಿತು.

ಮೇಷ್ಟ್ರು: ನಿಜ ತಿಳಿಯಬೇಕಾದರೆ ಮಿದುಳನ್ನೇ ಬಿಡಿಸಿ ನೋಡಬೇಕು.

ಶಿಷ್ಯೆ: ನೋಡಿದ್ದಾರೆ. 1930ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಜೋಸೆಫ್ ಕ್ಲಿಂಗ್ಲರ್, ಫಾರ್ಮಲಿನ್‌ನಲ್ಲಿಟ್ಟ ಮಿದುಳನ್ನು ಹೆಪ್ಪುಗಟ್ಟಿಸಿ ಆಮೇಲೆ ಕರಗಿಸುತ್ತಿದ್ದರು. ಒಳಗಿನ ನೀರು ಮಂಜುಗಡ್ಡೆಯಾಗಿ ಹಿಗ್ಗಿ ತಂತುಗಳನ್ನು ಬಿಡಿಸಿಕೊಡುತ್ತಿತ್ತು. ಇವತ್ತಿಗೂ ನಮ್ಮ ದೊಡ್ಡ ಕಟ್ಟುಗಳನ್ನು ಒರೆಗೆ ಹಚ್ಚೋದು ಅಂಥ ಬಿಡಿಸಿದ ಮಿದುಳಿಗೇ. ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳು ಬ್ಯಾಂಕ್ ಇದೆ. ಸತ್ತವರ ಮನೆಯವರು ಒಪ್ಪಿ ದಾನ ಕೊಟ್ಟ ಮಿದುಳುಗಳು ಅಲ್ಲಿವೆ. ಮಿದುಳಿನ ಬಲಕ್ಕೂ ಎಡಕ್ಕೂ ನಡುವಿನ ಸೇತುವೆ, ಕೈಕಾಲಿಗೆ ಆಜ್ಞೆ ಒಯ್ಯುವ ಹಾದಿ, ಮಾತಿನ ಜಾಗಗಳನ್ನು ಸೇರಿಸುವ ಕಮಾನು, ಇಂಥ ದೊಡ್ಡ ದಾರಿಗಳ ವಿಷಯದಲ್ಲಿ ನೀರೂ ಕತ್ತಿಯೂ ಒಂದೇ ಮಾತು ಹೇಳುತ್ತವೆ. ಜಗಳವಿರೋದು ಸಣ್ಣ ದಾರಿಗಳಲ್ಲಿ.

ಸ್ವಲ್ಪ ದೂರ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಮೇಷ್ಟ್ರು ತೆಗೆದ ಮಾತು ಬೇರೆಯೇ ಕಡೆಯದು.

ಮೇಷ್ಟ್ರು: ನಮ್ಮ ಅಣ್ಣನಿಗೆ ಲಕ್ವ ಹೊಡೆದದ್ದು ನಿನಗೆ ಗೊತ್ತಲ್ಲ. ರಾತ್ರಿ ಊಟ ಮಾಡಿ ಮಲಗಿದವನು, ಬೆಳಗ್ಗೆ ಏಳೋ ಹೊತ್ತಿಗೆ ಬಲಗೈ ಬಿದ್ದಿತ್ತು, ಬಾಯಿ ಸೊಟ್ಟಗಾಗಿತ್ತು. ಊರಿನವರು ಎಣ್ಣೆ ಉಜ್ಜಿದರು, ನಾಟಿ ಔಷಧಿ ಕುಡಿಸಿದರು. ತುಮಕೂರಿಗೆ ತರೋ ಹೊತ್ತಿಗೆ ಮಾರನೇ ದಿನ. ಇನ್ನು ಮಾಡೋದು ಏನಿದೆ ಅಂದರು. ನಿನ್ನ ಈ ನೀರಿನ ವಿದ್ಯೆ ಅವನಿಗೆ ಏನಾದರೂ ಮಾಡುತ್ತಿತ್ತಾ?

ಶಿಷ್ಯೆ: ಮಾಡುತ್ತಿತ್ತು ಸಾರ್. ಡಿಫ್ಯೂಷನ್ ಎಂಆರ್‌ಐ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲದ ಜಾಗ ಇದೊಂದೇ. ರಕ್ತನಾಳ ಕಟ್ಟಿಕೊಂಡ ಕೆಲವೇ ನಿಮಿಷಕ್ಕೆ ಜೀವಕೋಶದ ಪಂಪುಗಳು ನಿಲ್ಲುತ್ತವೆ, ಹೊರಗಿನ ನೀರು ಒಳಗೆ ನುಗ್ಗಿ ಕೋಶ ಊದಿಕೊಳ್ಳುತ್ತೆ, ನೀರಿನ ಅಲೆದಾಟ ಕಟ್ಟುಬೀಳುತ್ತೆ. ಡಿಫ್ಯೂಷನ್ ಚಿತ್ರದಲ್ಲಿ ಆ ಜಾಗ ಬೆಳ್ಳಗೆ ಹೊಳೆಯುತ್ತೆ. ಸಿಟಿ ಸ್ಕ್ಯಾನಿನಲ್ಲಿ ಮೊದಲ ಕೆಲವು ಗಂಟೆ ಏನೂ ಕಾಣದೇ ಇರಬಹುದು. ಇದಕ್ಕೆ ಯಂತ್ರದಲ್ಲಿ ಹಿಡಿಯೋದು ಒಂದೆರಡು ನಿಮಿಷ.

ಮೇಷ್ಟ್ರು: ಕಂಡರೆ ಏನು ಬಂತು?

ಶಿಷ್ಯೆ: ಹೆಪ್ಪು ಕರಗಿಸುವ ಔಷಧಿಯನ್ನು ಲಕ್ವ ಶುರುವಾದ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು ಅನ್ನೋದು ನಿಯಮ. ಮಲಗಿದ್ದಾಗ ಹೊಡೆದರೆ ಶುರುವಾದದ್ದು ಯಾವಾಗ ಅಂತ ಯಾರಿಗೆ ಗೊತ್ತು? ಅಲ್ಲೂ ಚಿತ್ರವೇ ಗಡಿಯಾರ ಆಗುತ್ತೆ. ಡಿಫ್ಯೂಷನ್ ಚಿತ್ರದಲ್ಲಿ ಪೆಟ್ಟು ಕಾಣಿಸಿ, ಫ್ಲೇರ್ ಅನ್ನೋ ಇನ್ನೊಂದು ಬಗೆಯ ಎಂಆರ್‌ಐ ಚಿತ್ರದಲ್ಲಿ ಇನ್ನೂ ಕಾಣಿಸದಿದ್ದರೆ, ಪೆಟ್ಟು ಹೊಸದು, ಔಷಧಿಗೆ ಸಮಯವಿದೆ ಅಂತ ಲೆಕ್ಕ. ಯುರೋಪಿನಲ್ಲಿ ಎದ್ದಾಗ ಲಕ್ವ ಕಂಡವರನ್ನು ಹೀಗೇ ಆರಿಸಿ ಔಷಧಿ ಕೊಟ್ಟು ನೋಡಿದರು. ಚೇತರಿಕೆ ಚೆನ್ನಾಗಿತ್ತು ಅಂತ 2018ರಲ್ಲಿ ಪ್ರಕಟವಾಯಿತು. ರಕ್ತಸ್ರಾವದ ಅಪಾಯವೂ ಸ್ವಲ್ಪ ಇತ್ತು, ಅದನ್ನೂ ಹೇಳಬೇಕು.

ಮೇಷ್ಟ್ರು: ಹಾಗಾದರೆ ದುಡ್ಡು ಹೋಗಬೇಕಾದದ್ದು ಅಲ್ಲಿಗೆ ಕಣಮ್ಮ! ಗುಬ್ಬಿಯಿಂದ ತುಮಕೂರಿಗೆ 20 ಕಿಲೋಮೀಟರ್, ಕುಣಿಗಲ್ಲಿನಿಂದ ಇನ್ನೂ ಹೆಚ್ಚು. ಒಳಹಳ್ಳಿಯಿಂದ ಹೊರಟರೆ 108 ಬರೋಕೆ ಒಂದು ಹೊತ್ತು, ಬಂದಮೇಲೆ ಒಂದು ಹೊತ್ತು. ನಿಮಗೆ ಒಂದು ಮಿದುಳಿಗೆ ಮುಕ್ಕಾಲು ಗಂಟೆ ಯಂತ್ರ ಬೇಕು ಬಣ್ಣದ ನಕ್ಷೆಗೆ. ಲಕ್ವದವನಿಗೆ ಬೇಕಾದದ್ದು ಎರಡು ನಿಮಿಷ, ಆದರೆ ರಾತ್ರಿ ಎರಡು ಗಂಟೆಯಲ್ಲಿ. ಆ ಎರಡು ನಿಮಿಷ ಮೊದಲು ಬರಲಿ. ನಿಮ್ಮ ಸಂಪರ್ಕದ ನಕ್ಷೆ, ಆ ಕನೆಕ್ಟೋಮು, ಆಮೇಲೆ.

ಶಿಷ್ಯೆ: ಆ ಎರಡು ನಿಮಿಷ ಎಲ್ಲಿಂದ ಬಂತು ಅಂತಲೂ ಕೇಳಿ ಸಾರ್. 1985ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಡೆನಿಸ್ ಲ ಬಿಹಾನ್ ಡಿಫ್ಯೂಷನ್ ಚಿತ್ರ ತೆಗೆಯಲು ಹೊರಟಾಗ ಅವರ ತಲೆಯಲ್ಲಿದ್ದದ್ದು ಯಕೃತ್ತಿನ ಗಡ್ಡೆಗಳು. ಅದು ಕೈಹಿಡಿಯಲಿಲ್ಲ. 1990ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೈಕಲ್ ಮೋಸ್ಲಿ ತಂಡ ಬೆಕ್ಕುಗಳ ಮಿದುಳಿನಲ್ಲಿ ರಕ್ತ ನಿಂತೊಡನೆ ಡಿಫ್ಯೂಷನ್ ಬದಲಾಗೋದನ್ನು ತೋರಿಸಿತು. ಲಕ್ವಕ್ಕೆ ಉಪಯೋಗ ಅಂತ ಮೊದಲೇ ಬರೆದುಕೊಟ್ಟು ದುಡ್ಡು ಕೇಳಿದ್ದರೆ ಈ ಹಾದಿ ಶುರುವೇ ಆಗುತ್ತಿರಲಿಲ್ಲ. ಇವತ್ತಿನ ನಕ್ಷೆ ನಾಳೆ ಯಾರಿಗೆ ಬೇಕಾಗುತ್ತೋ.

ಮೇಷ್ಟ್ರು: ನಾಳೆ ಅನ್ನೋದನ್ನು ನಮ್ಮ ಅಣ್ಣನಿಗೆ ಹೇಳೋಕಾಗಲ್ಲ.

ಶಿಷ್ಯೆ: ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಬೆಲೆ ಇಳಿಯೋ ಲಕ್ಷಣ ಒಂದಿದೆ. ಬೆಂಗಳೂರಿನ ವಾಕ್ಸೆಲ್‌ಗ್ರಿಡ್ಸ್ ಅನ್ನೋ ಕಂಪನಿ ದೇಶದಲ್ಲೇ ವಿನ್ಯಾಸ ಮಾಡಿದ 1.5 ಟೆಸ್ಲಾದ ಎಂಆರ್‌ಐ ಯಂತ್ರವನ್ನು 2023ರಲ್ಲಿ ಹೊರತಂದಿದೆ. ದ್ರವ ಹೀಲಿಯಮ್ಮಿನ ಖರ್ಚು ಅದರಲ್ಲಿ ಕಡಿಮೆ. ಅಂಥದ್ದು ತಾಲ್ಲೂಕುಗಳಿಗೆ ಬಂದರೆ ನಿಮ್ಮ ಎರಡು ನಿಮಿಷಕ್ಕೂ ಜಾಗ ಸಿಗುತ್ತೆ.

ಮೇಷ್ಟ್ರು: ಯಂತ್ರ ಬಂದರೆ ಸಾಲದು, ರಾತ್ರಿ ಅದನ್ನು ಓಡಿಸೋರು, ಚಿತ್ರ ಓದೋರು ಬೇಕು. ಇರಲಿ. ನಿನ್ನ ಕನೆಕ್ಟೋಮಿನ ಉಪಯೋಗ ಏನು, ಈಗ ಅದನ್ನು ಹೇಳು. ನಾಳೆಯದ್ದು ಬೇಡ.

ಶಿಷ್ಯೆ: ಮಿದುಳಿನ ಗಡ್ಡೆ ತೆಗೆಯೋ ಡಾಕ್ಟರು, ಕೈಕಾಲಿನ ಹಾದಿ ಗಡ್ಡೆಯ ಯಾವ ಮಗ್ಗುಲಲ್ಲಿದೆ ಅಂತ ಇದರಲ್ಲಿ ನೋಡ್ತಾರೆ. ಗಡ್ಡೆಯ ಸುತ್ತ ಊತವಿದ್ದರೆ ಇರುವ ಹಾದಿಯೂ ಕಾಣದೇ ಹೋಗಬಹುದು ಅಂತ ಗೊತ್ತಿದ್ದೇ ನೋಡ್ತಾರೆ. ಇನ್ನೊಂದು, ವಯಸ್ಸಾದವರ ಮರೆವು. ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ವರ್ಷವರ್ಷವೂ ಹಿಂಬಾಲಿಸುವ ಅಧ್ಯಯನ ಇಟ್ಟುಕೊಂಡಿದ್ದಾರೆ. ರಕ್ತ, ಬಿಪಿ, ಸಕ್ಕರೆ, ನೆನಪಿನ ಪರೀಕ್ಷೆ, ಮಿದುಳಿನ ಎಂಆರ್‌ಐ ಎಲ್ಲ ಸೇರಿದೆ. ಜಗತ್ತಿನ ಮಿದುಳಿನ ದತ್ತಾಂಶ ಬಹುಪಾಲು ಶ್ರೀಮಂತ ದೇಶಗಳ ಓದಿದವರದ್ದು. ಚಿತ್ರಗಳನ್ನು ಕೂಡಿಸಿ ಹೋಲಿಸಲು ಬಳಸುತ್ತಿದ್ದ ಮಾದರಿ ಮಿದುಳೇ ಕೆನಡಾದ ಮಾಂಟ್ರಿಯಲ್ಲಿನದು. 6ರಿಂದ 60 ವರ್ಷದವರೆಗಿನ ನಮ್ಮವರ ಐದು ಮಾದರಿಗಳನ್ನು ನಿಮ್ಹಾನ್ಸ್‌ನವರು 2020ರಲ್ಲಿ ಮಾಡಿಕೊಟ್ಟರು. ರಾಗಿ ಹೊಲದಲ್ಲಿ ದುಡಿದ, ಅಕ್ಷರ ಕಲಿಯದ ಅಜ್ಜಿಯ ಮಿದುಳು ಹೇಗೆ ಮುಪ್ಪಾಗುತ್ತೆ ಅನ್ನೋದು ಯಾವ ವಿದೇಶಿ ದತ್ತಾಂಶದಲ್ಲೂ ಸಿಗಲ್ಲ.

ಮೇಷ್ಟ್ರು: ಅದು ಒಳ್ಳೆಯ ಮಾತು. ಅದಕ್ಕೆ ನಾನೂ ಹೂಂ ಅಂತೀನಿ. ಆದರೆ ನನ್ನ ಹೆದರಿಕೆ ಮಕ್ಕಳ ಬಗ್ಗೆ. ನೀನೇ ಹೇಳಿದ ಆ 2022ರ ಲೆಕ್ಕ, ಗೆರೆ ಅಳಿಸಿ ಮುಂದೆ ಏನು ಮಾಡಿತು?

ಶಿಷ್ಯೆ: ಅಮೆರಿಕದ ಹ್ಯೂಮನ್ ಕನೆಕ್ಟೋಮ್ ಪ್ರಾಜೆಕ್ಟಿನ ಸುಮಾರು 200 ಜನರ ಚಿತ್ರ ತಗೊಂಡು, ಉಳಿದ ಸಂಪರ್ಕಗಳ ಬಲದಿಂದ ಅವರು ಬುದ್ಧಿಯ ಪರೀಕ್ಷೆಗಳಲ್ಲಿ ಪಡೆದ ಅಂಕವನ್ನು ಅಂದಾಜು ಮಾಡಬಹುದಾ ಅಂತ ನೋಡಿತು. ಒಂದು ಮಟ್ಟಿಗೆ ಆಯಿತು.

ಮೇಷ್ಟ್ರು: ನೋಡು! ನಾನು ಹೆದರೋದು ಅದಕ್ಕೇ. ಬೆರಳಚ್ಚು ನೋಡಿ ಮಗು ಡಾಕ್ಟರೋ ಎಂಜಿನಿಯರೋ ಹೇಳ್ತೀವಿ ಅಂತ ಅಪ್ಪ ಅಮ್ಮಂದಿರ ಹತ್ತಿರ ಸಾವಿರಗಟ್ಟಲೆ ಕಿತ್ತರು. ಕಣ್ಣಿಗೆ ಬಟ್ಟೆ ಕಟ್ಟಿ ಓದಿಸ್ತೀವಿ ಅಂತ ಇನ್ನೊಂದಷ್ಟು ಜನ ಬಂದರು. ನಾಳೆ ಈ ಬಣ್ಣದ ಚಿತ್ರ ಹಿಡಿದು, ನಿಮ್ಮ ಮಗುವಿಗೆ ಗಣಿತದ ದಾರಿಯೇ ಇಲ್ಲ ಅಂತ ಒಬ್ಬ ಬಂದರೆ? ಎಸ್ಸೆಸ್ಸೆಲ್ಸಿ ಫೇಲಾದ ಹುಡುಗನ ಮನೆಯವರು ಯಾರಿಗೆ ಏನು ಕೇಳೋಕೆ ಸಾಧ್ಯ? ಚಿತ್ರ ಯಂತ್ರದಿಂದ ಬಂದದ್ದು ಅಂತ ಸುಮ್ಮನಾಗ್ತಾರೆ.

ಶಿಷ್ಯೆ: 200 ಜನರ ಗುಂಪಿನಲ್ಲಿ ಕಂಡ ಒಲವು ಒಬ್ಬ ಹುಡುಗನ ಹಣೆಬರಹ ಅಲ್ಲ. ಹಾಗೆ ಹೇಳೋರು ಮೋಸ ಮಾಡ್ತಾರೆ. ಇನ್ನೂ ಹೇಳಬೇಕಾದರೆ, ಓದುವುದನ್ನು ಕಲಿತರೆ, ಒಂದು ಕೈಚಳಕ ಕಲಿತರೆ ಈ ಹಾದಿಗಳ ಅಳತೆಯೇ ಬದಲಾಗುತ್ತೆ. ಮಿದುಳು ಪಾಠವನ್ನು ರೂಪಿಸೋ ಹಾಗೆ ಪಾಠವೂ ಮಿದುಳನ್ನು ರೂಪಿಸುತ್ತೆ.

ಮೇಷ್ಟ್ರು: ಈ ಮಾತನ್ನು ನಿಮ್ಮ ಲೇಖನಗಳ ಕೊನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಹಾಕ್ತೀರ. ಚಿತ್ರವನ್ನು ಮುಖಪುಟಕ್ಕೆ ಹಾಕ್ತೀರ.

ಇಲ್ಲಿ ಮೇಷ್ಟ್ರ ಪರವಾಗಿ ನಾನೂ ಒಂದು ಮಾತು ಸೇರಿಸಬೇಕು. ಪತ್ರಿಕೆಗಳಲ್ಲಿ ಈ ಚಿತ್ರ ಅಚ್ಚಾದಾಗಲೆಲ್ಲ ಕೆಳಗೆ ಮಿದುಳಿನ ನರಗಳು ಎಂದೇ ಬರೆಯುತ್ತೇವೆ. ನೀರಿನ ಅಳತೆಯಿಂದ ಕಟ್ಟಿದ ಅಂದಾಜು ಎಂದು ಬರೆದರೆ ಓದುಗರು ಬಿಟ್ಟು ಹೋಗುವುದಿಲ್ಲ.

ಶಿಷ್ಯೆ: ಆ ಮಾತು ಒಪ್ಪಿದೆ. ಆದರೆ ದುರುಪಯೋಗ ಮಾಡೋರು ಇದ್ದಾರೆ ಅಂತ ಅಳೆಯೋದನ್ನೇ ನಿಲ್ಲಿಸಿದರೆ, ನಮ್ಮ ಜಿಲ್ಲೆಯವರ ಮಿದುಳಿನ ವಿಷಯವನ್ನು ಮಾಂಟ್ರಿಯಲ್ಲೇ ಹೇಳುತ್ತಾ ಇರುತ್ತೆ.

ಮೇಷ್ಟ್ರು: ನಿಲ್ಲಿಸು ಅಂತ ಎಲ್ಲಿ ಅಂದೆ? ನನ್ನ ತಲೆಯನ್ನೇ ಅಳೆದುಕೋ. ಬಿಪಿ ಇದೆ, ಈಚೆಗೆ ಹೆಸರುಗಳು ಮರೆಯುತ್ತೆ. ನನ್ನ ನಕ್ಷೆ ತೆಗೆದು ಏನಾಗಿದೆ ಹೇಳು.

ಶಿಷ್ಯೆ: ಅದನ್ನು ಮಾತ್ರ ಹೇಳೋಕಾಗಲ್ಲ ಸಾರ್. ಒಬ್ಬರ ಒಂದು ನಕ್ಷೆಯಿಂದ ಮರೆವಿನ ಭವಿಷ್ಯ ಹೇಳುವಷ್ಟು ಈ ವಿದ್ಯೆ ಬೆಳೆದಿಲ್ಲ. ಬಿಪಿ ಮಾತ್ರೆ ತಪ್ಪಿಸಬೇಡಿ ಅನ್ನೋದು ನಕ್ಷೆಗಿಂತ ಹೆಚ್ಚು ಉಪಯೋಗದ ಸಲಹೆ. ನಿಮ್ಮ ಚಿತ್ರ ಸಾವಿರಾರು ಜನರದ್ದರ ಜೊತೆ ಸೇರಿದರೆ ಬೆಲೆ. ನಿಮಗೆ ಅಂತ ಏನೂ ಸಿಗದೇ ಹೋಗಬಹುದು.

ಮೇಷ್ಟ್ರು: ಶ್ರೀನಿವಾಸಪುರದವರಿಗೆ ಅದನ್ನು ಬಿಡಿಸಿ ಹೇಳಿರಬೇಕು. ಹೇಳಿದ ಮೇಲೂ ಕೊಡ್ತಾರೆ, ನಮ್ಮ ಜನ ಅಷ್ಟು ಸಣ್ಣವರಲ್ಲ. ಹೇಳದೇ ತಗೋಬಾರದು ಅಷ್ಟೇ. ಈಗ ಇನ್ನೊಂದು ಕೇಳ್ತೀನಿ. ನಿನ್ನ ಗೆರೆ ಸುಳ್ಳೋ ನಿಜವೋ ತಿಳಿಯಲು ಬಿಡಿಸಿ ನೋಡುವ ಮಿದುಳು ಬೇಕು ಅಂದೆಯಲ್ಲ. ಬದುಕಿದ್ದಾಗ ಚಿತ್ರ, ಸತ್ತಮೇಲೆ ಮಿದುಳು. ಎರಡೂ ಒಬ್ಬನದ್ದೇ ಆದರೆ?

ಶಿಷ್ಯೆ: ಅದಕ್ಕಿಂತ ಬೆಲೆಬಾಳುವ ದತ್ತಾಂಶ ಇನ್ನೊಂದಿಲ್ಲ. ಆದರೆ ಮನೆಯವರು ಒಪ್ಪಬೇಕು. ಆ ದುಃಖದ ಹೊತ್ತಿನಲ್ಲಿ, ಗಂಟೆಗಳ ಲೆಕ್ಕದಲ್ಲಿ ಫೋನ್ ಮಾಡೋರು ಅವರೇ ಆಗಬೇಕು. ನಿಮ್ಮ ಮಗನ ಹತ್ತಿರ ಮಾತಾಡಿದ್ದೀರಾ?

ಮೇಷ್ಟ್ರು: ಅವನು ಬೈತಾನೆ. ಅವನಿಗೆ ಹೇಳೋದು ನನ್ನ ಪಾಡು. ನೀನು ಮೊದಲು ನನಗೊಂದು ಪಟ್ಟಿ ಮಾಡಿಕೊಡು. ತುಮಕೂರಿನಲ್ಲಿ ರಾತ್ರಿ ಎರಡು ಗಂಟೆಗೆ ಲಕ್ವದವನನ್ನು ಕರಕೊಂಡು ಹೋದರೆ ಡಿಫ್ಯೂಷನ್ ಚಿತ್ರ ತೆಗೆದು, ಓದಿ, ಅಲ್ಲೇ ಔಷಧಿ ಕೊಡೋ ಆಸ್ಪತ್ರೆ ಯಾವ ಯಾವುದು. ನೀನೇ ಹೋಗಿ ವಿಚಾರಿಸು. ಗುಬ್ಬಿಯ ನಮ್ಮ ಶಾಲೆಗಳ ನೋಟೀಸ್ ಬೋರ್ಡಿಗೆ ಹಾಕಿಸ್ತೀನಿ. ಮಕ್ಕಳು ಮನೆಗೆ ಒಯ್ಯಲಿ.

ಶಿಷ್ಯೆ: ರಜೆ ಮುಗಿಯೋದರೊಳಗೆ ಮಾಡ್ತೀನಿ. ಕುಣಿಗಲ್ಲಿನವರು ತುಮಕೂರಿಗೆ ಬರೋದು ಬೇಗವೋ, ನೇರ ಬೆಂಗಳೂರಿಗೆ ಹೋಗೋದು ಬೇಗವೋ ಅದನ್ನೂ ನೋಡ್ತೀನಿ. ಪಟ್ಟಿ ಚಿಕ್ಕದಾಗಿದ್ದರೆ?

ಮೇಷ್ಟ್ರು: ಚಿಕ್ಕದಾಗಿದ್ದರೆ ಅದನ್ನು ಹಿಡಕೊಂಡು ಜಿಲ್ಲಾಧಿಕಾರಿಗಳ ಕಚೇರಿಗೆ ಹೋಗೋಣ. ಆಗ ನಿನ್ನ ಆ ಬಣ್ಣದ ಚಿತ್ರವನ್ನೂ ತಾ, ಅದು ಏನಲ್ಲ ಅನ್ನೋದನ್ನೂ ಅವರಿಗೆ ಹೇಳು.